ವಾಡೆ, ಇನಾಂ, ನಿವೇಶನ: ಸಂಸ್ಥಾನಿಕ ಮನೆತನಕ್ಕೆ ಸರ್ಕಾರ ಪರಿಹಾರ ಕೊಡಬೇಕೇ?

ಪ್ರಶ್ನೆ: ನನ್ನ ಅಜ್ಜ ದಕ್ಷಿಣ ಮರಾಠಾ ಸೀಮೆಯ ಒಂದು ಸಣ್ಣ ಸಂಸ್ಥಾನದ ಅರಸರ ತಮ್ಮ. ನಾವು ಮೂರು ತಲೆಮಾರಿನಿಂದ ಪುಣೆಯಲ್ಲಿ ನೆಲೆಸಿದ್ದೇವೆ, ಮನೆಮಾತು ಕನ್ನಡ. ಊರಿನಲ್ಲಿ ಅಜ್ಜನ ಪಾಲಿಗೆ ಬಂದಿದ್ದ ವಾಡೆಯಲ್ಲಿ, ಅಂದರೆ ಹಳೆಯ ದೊಡ್ಡ ಮನೆಯಲ್ಲಿ, ಸಂಸ್ಥಾನ ವಿಲೀನವಾದಂದಿನಿಂದ ಸರ್ಕಾರಿ ಕಚೇರಿ ಇದೆ. ಬಾಡಿಗೆ ಎಂದೂ ಬಂದಿಲ್ಲ. ಎರಡು ಹಳ್ಳಿಗಳಲ್ಲಿದ್ದ ಇನಾಂ ಭೂಮಿ ಕೈಬಿಟ್ಟುಹೋಗಿದೆ; ಒಂದು ಹಳ್ಳಿ ಈಗ ಕರ್ನಾಟಕದಲ್ಲಿದೆ, ಇನ್ನೊಂದು ಮಹಾರಾಷ್ಟ್ರದಲ್ಲಿದೆ. ಪುಣೆಯಲ್ಲಿ ಅಜ್ಜ ಕ್ರಯಕ್ಕೆ ಪಡೆದಿದ್ದ ಜಾಗದ ದೊಡ್ಡ ಭಾಗವನ್ನು ನಗರ ಭೂಮಿತಿ ಕಾಯ್ದೆಯಡಿ ಹೆಚ್ಚುವರಿ ಎಂದು ಘೋಷಿಸಲಾಯಿತು. ಗ್ರೀಸಿನ ಮಾಜಿ ದೊರೆಗೆ ಯುರೋಪಿನ ನ್ಯಾಯಾಲಯ ಪರಿಹಾರ ಕೊಡಿಸಿತೆಂದೂ ಬೆಂಗಳೂರು ಅರಮನೆಯ ಜಾಗಕ್ಕೆ ಮೂರು ಸಾವಿರ ಕೋಟಿ ಎಂದೂ ಓದಿದೆ. ನಮಗೂ ಅಂಥ ಹಕ್ಕು ಇದೆಯೇ?

ಉತ್ತರ: ನೀವು ಒಂದೇ ಪ್ರಶ್ನೆಯೆಂದು ಕೇಳಿರುವುದು ಕಾನೂನಿನ ಕಣ್ಣಿನಲ್ಲಿ ಮೂರು ಬೇರೆ ಬೇರೆ ಪ್ರಶ್ನೆಗಳು. ವಾಡೆಗೆ ಒಂದು ಉತ್ತರವಿದೆ, ಇನಾಮಿಗೆ ಇನ್ನೊಂದು, ಪುಣೆಯ ಜಾಗಕ್ಕೆ ಮತ್ತೊಂದು. ಈ ಮೂರರಲ್ಲಿಯೂ ನಿಮ್ಮ ಅಜ್ಜ ರಾಜವಂಶದವರು ಎಂಬುದರಿಂದ ನಿಮಗೆ ಸಿಗುವ ಅನುಕೂಲ ಏನೂ ಇಲ್ಲ; ಒಂದು ಕಡೆಯಂತೂ ಅದೇ ತೊಡಕಾಗಬಹುದು. ಆಸ್ತಿ ಯಾವ ದಿನ, ಯಾವ ಕಾಗದದ ಮೂಲಕ ಮನೆತನದ ಕೈಯಿಂದ ಹೋಯಿತು ಎಂಬುದೊಂದೇ ಎಲ್ಲವನ್ನೂ ನಿರ್ಧರಿಸುತ್ತದೆ. ಮುಂಬೈಯಲ್ಲಿ ವಕೀಲಿ ನಡೆಸಿದ ಇಷ್ಟು ವರ್ಷಗಳಲ್ಲಿ ಮೋಡಿ ಎಂಬ ಹಳೆಯ ಮರಾಠಿ ಲಿಪಿಯ ಕಾಗದಗಳ ಗಂಟನ್ನು ಹೊತ್ತುಕೊಂಡು ಬಂದ ಅನೇಕ ಹಿರಿಯರನ್ನು ನಾನು ಕಂಡಿದ್ದೇನೆ. ಅವರಲ್ಲಿ ಹೆಚ್ಚಿನವರು ವಂಶಾವಳಿಯನ್ನು ಜೋಪಾನವಾಗಿ ಕಾಪಾಡಿದ್ದರು, ಆದರೆ ದಿನಾಂಕವಿರುವ ಹುಕುಮನ್ನು ಕಳೆದುಕೊಂಡಿದ್ದರು. ಅದನ್ನು ಕಂಡಾಗಲೆಲ್ಲ ನನಗೆ ನಿಜವಾದ ವ್ಯಥೆಯಾಗಿದೆ.

ಮೊದಲು ತೊಡಕಿನ ಮೂಲವನ್ನು ಹೇಳಿಬಿಡುತ್ತೇನೆ, ಏಕೆಂದರೆ ಅದು ತಿಳಿಯದೆ ವಾಡೆಯ ವಿಷಯ ತಿಳಿಯುವುದಿಲ್ಲ. ಕೊಡಗಿನ ಚಿಕ್ಕವೀರರಾಜೇಂದ್ರನನ್ನು ಈಸ್ಟ್ ಇಂಡಿಯಾ ಕಂಪನಿ 1834ರಲ್ಲಿ ಪದಚ್ಯುತಗೊಳಿಸಿ ಕಾಶಿಗೆ ಕಳುಹಿಸಿತು. ಕೊಡಗಿನ ಅರಸುಮನೆತನ ಅದಕ್ಕೂ ಮೊದಲೇ ಕಂಪನಿಯ ಸಾಲಪತ್ರಗಳಲ್ಲಿ ಹಣ ತೊಡಗಿಸಿತ್ತು. ಆ ಪತ್ರಗಳನ್ನೂ ಕಂಪನಿ ಯುದ್ಧದ ನಂತರ ತನ್ನದಾಗಿಸಿಕೊಂಡಿತು. ಅರಸ 1852ರಲ್ಲಿ ಮಗಳು ಗೌರಮ್ಮನೊಂದಿಗೆ ಲಂಡನ್ನಿಗೆ ಹೋಗಿ, ರಾಜ್ಯವನ್ನಲ್ಲ, ಸಾಲ ಕೊಟ್ಟವನು ಸಾಲಗಾರನಿಂದ ಕೇಳುವಂತೆ ಆ ಹಣವನ್ನು ಮಾತ್ರ ಕೇಳಿ ಅಲ್ಲಿನ ನ್ಯಾಯಾಲಯದಲ್ಲಿ ದಾವೆ ಹೂಡಿದ. 1860ರಲ್ಲಿ ಬಂದ ತೀರ್ಪು ಆ ಕೇಳಿಕೆಯನ್ನು ತಳ್ಳಿಹಾಕಿತು. ಕಂಪನಿ ಆ ಪತ್ರಗಳನ್ನು ವಶಪಡಿಸಿಕೊಂಡದ್ದು ಸಾಲಗಾರನಾಗಿ ಅಲ್ಲ, ಒಂದು ಸಾರ್ವಭೌಮ ಶಕ್ತಿಯಾಗಿ. ಸಾರ್ವಭೌಮ ಶಕ್ತಿಗಳ ನಡುವಿನ ಕೃತ್ಯವನ್ನು ಯಾವ ನಾಡಿನ ನ್ಯಾಯಾಲಯವೂ ವಿಚಾರಿಸಲಾರದು ಎಂಬುದು ಅದರ ತಾತ್ಪರ್ಯ. ಇದನ್ನೇ ಕಾನೂನಿನಲ್ಲಿ ರಾಜ್ಯಕೃತ್ಯ ಎನ್ನುತ್ತೇವೆ. ಅದಕ್ಕೆ ಒಂದು ವರ್ಷ ಮುಂಚೆ, 1859ರಲ್ಲಿ, ತಂಜಾವೂರಿನ ಮರಾಠಾ ರಾಣಿಯ ಪ್ರಕರಣದಲ್ಲಿ ಲಂಡನ್ನಿನ ಅತ್ಯುನ್ನತ ಮೇಲ್ಮನವಿ ನ್ಯಾಯಪೀಠವಾದ ಪ್ರಿವಿ ಕೌನ್ಸಿಲ್ ಕೂಡ ಇದೇ ಮಾತನ್ನು ಹೇಳಿತ್ತು. ಆ ಮನೆತನದ ರಾಣಿಯರಿಗೆ ನ್ಯಾಯಾಲಯ ಕೊಡದ ಖಾಸಗಿ ಆಸ್ತಿಯನ್ನು 1862ರಲ್ಲಿ ಸರ್ಕಾರ ತಾನಾಗಿ ಹಿಂದಿರುಗಿಸಿತೆಂಬುದನ್ನೂ ಇಲ್ಲಿ ನೆನೆಯಬೇಕು. ಅದು ಹಕ್ಕಾಗಿ ಬಂದದ್ದಲ್ಲ, ಅನುಗ್ರಹವಾಗಿ ಬಂದದ್ದು. ಇಂಥ ವಿಷಯಗಳಲ್ಲಿ ಈ ಎರಡರ ನಡುವಿನ ಅಂತರವನ್ನು ಮರೆತವರು ವರ್ಷಗಟ್ಟಲೆ ಕೋರ್ಟಿನ ಮೆಟ್ಟಿಲು ಹತ್ತಿ ಇಳಿದಿದ್ದಾರೆ.

ಕಂಪನಿಯ ಈ ತತ್ತ್ವ ಸ್ವತಂತ್ರ ಭಾರತದಲ್ಲಿ ಉಳಿಯಬಾರದಿತ್ತು ಎಂದು ನನಗೆ ಅನಿಸುತ್ತದೆ, ಆದರೆ ಉಳಿಯಿತು. ದಕ್ಷಿಣ ಮರಾಠಾ ಸೀಮೆಯ ಸಂಸ್ಥಾನಗಳು 1948ರ ಮಾರ್ಚ್ 8ರಂದು ಮುಂಬೈ ಪ್ರಾಂತದಲ್ಲಿ ವಿಲೀನವಾದವು. ಕೊಲ್ಲಾಪುರ ಮಾತ್ರ 1949ರ ಮಾರ್ಚ್ 1ರಂದು ಸೇರಿತು. ಪ್ರತಿಯೊಂದು ವಿಲೀನ ಕರಾರಿನಲ್ಲಿ ಅರಸನಿಗೆ ವಾರ್ಷಿಕ ರಾಜಧನವನ್ನು ನಿಗದಿ ಮಾಡಲಾಯಿತು. ಸಂಸ್ಥಾನದ ಆಸ್ತಿಯಿಂದ ಬೇರೆಯಾದ ಅವನ ಖಾಸಗಿ ಆಸ್ತಿಯ ಪೂರ್ಣ ಒಡೆತನ ಅವನಿಗೇ ಇರುವುದೆಂದೂ, ಆ ಖಾಸಗಿ ಆಸ್ತಿಯ ಯಾದಿಯನ್ನು ಅವನು ನಿಗದಿತ ದಿನದೊಳಗೆ ಸಲ್ಲಿಸಬೇಕೆಂದೂ, ಯಾವುದು ಖಾಸಗಿ ಯಾವುದು ಸಂಸ್ಥಾನದ್ದು ಎಂಬ ತಕರಾರು ಬಂದರೆ ಭಾರತ ಸರ್ಕಾರ ನೇಮಿಸಿದ ಅಧಿಕಾರಿಯ ತೀರ್ಮಾನವೇ ಅಂತಿಮವೆಂದೂ ಬರೆಯಲಾಯಿತು. ಸಂವಿಧಾನದ 363ನೆಯ ವಿಧಿ ಇದರ ಮೇಲೆ ಬೀಗ ಹಾಕಿತು: ಇಂಥ ಕರಾರುಗಳಿಂದ ಹುಟ್ಟುವ ಯಾವುದೇ ವಿವಾದವನ್ನು ಸರ್ವೋಚ್ಚ ನ್ಯಾಯಾಲಯವೂ ಸೇರಿದಂತೆ ಯಾವ ನ್ಯಾಯಾಲಯವೂ ವಿಚಾರಿಸುವಂತಿಲ್ಲ.

ಈಗ ನಿಮ್ಮ ವಾಡೆಗೆ ಬರೋಣ. ಅದು ಅರಸರ ಖಾಸಗಿ ಆಸ್ತಿಯ ಯಾದಿಯಲ್ಲಿತ್ತೇ, ಸಂಸ್ಥಾನದ ಆಸ್ತಿಯೆಂದು ಮುಂಬೈ ಸರ್ಕಾರಕ್ಕೆ ಒಪ್ಪಿಸಿದ ಕಟ್ಟಡಗಳ ಪಟ್ಟಿಯಲ್ಲಿತ್ತೇ, ಅಥವಾ ವಿಲೀನಕ್ಕೆ ಬಹಳ ಮೊದಲೇ ನಿಮ್ಮ ಅಜ್ಜನ ಹೆಸರಿಗೆ ಸನದಿನ, ಅಂದರೆ ಅರಸರ ಕೊಡುಗೆಪತ್ರದ, ಮೂಲಕ ಬಂದು ಎರಡೂ ಪಟ್ಟಿಗಳಿಂದ ಹೊರಗಿತ್ತೇ ಎಂಬುದನ್ನು ಮೊದಲು ಕಂಡುಕೊಳ್ಳಬೇಕು. ಮೊದಲನೆಯದಾಗಿದ್ದರೆ ಕರಾರೇ ಅದನ್ನು ಅರಸರ ಸ್ವಂತ ಒಡೆತನವೆಂದು ಒಪ್ಪಿದೆ. ಎರಡನೆಯದಾಗಿದ್ದರೆ ದಾರಿ ಮುಚ್ಚಿದೆ ಎಂದೇ ನೇರವಾಗಿ ಹೇಳುತ್ತೇನೆ. ಮೂರನೆಯದಾಗಿದ್ದರೆ ಸನದಿನ ದಿನಾಂಕವನ್ನು ನೋಡಬೇಕು. ಗುಜರಾತಿನ ಸಂತ ಸಂಸ್ಥಾನದ ಅರಸ 1948ರ ಮಾರ್ಚಿನಲ್ಲಿ, ವಿಲೀನಕ್ಕೆ ಕೆಲವೇ ತಿಂಗಳು ಮೊದಲು, ತನ್ನ ಜಹಗೀರುದಾರರಿಗೆ ಕಾಡಿನ ಹಕ್ಕುಗಳನ್ನು ಬರೆದುಕೊಟ್ಟಿದ್ದ. ಮುಂದೆ ಸರ್ಕಾರ ಅದನ್ನು ಒಪ್ಪಲಿಲ್ಲ. 1964ರಲ್ಲಿ ಸರ್ವೋಚ್ಚ ನ್ಯಾಯಾಲಯದ ಏಳು ನ್ಯಾಯಮೂರ್ತಿಗಳ ಪೀಠ, ಹಳೆಯ ಅರಸ ಕೊಟ್ಟ ಹಕ್ಕನ್ನು ಹೊಸ ಸಾರ್ವಭೌಮ ಸರ್ಕಾರ ಮಾನ್ಯ ಮಾಡಿದರೆ ಮಾತ್ರ ಅದು ಉಳಿಯುತ್ತದೆ ಎಂದು ತೀರ್ಮಾನಿಸಿತು. ಆದ್ದರಿಂದ ವಿಲೀನದ ಹೊಸ್ತಿಲಲ್ಲಿ ಬರೆದ ಸನದು ದುರ್ಬಲ. ಅದಕ್ಕಿಂತ ಹತ್ತಿಪ್ಪತ್ತು ವರ್ಷ ಮೊದಲಿನದ್ದಾಗಿದ್ದು, ವಿಲೀನದ ನಂತರ ಸಿಟಿ ಸರ್ವೇ ಅಥವಾ ಗ್ರಾಮ ದಫ್ತರದಲ್ಲಿ ಸರ್ಕಾರವೇ ನಿಮ್ಮ ಅಜ್ಜನ ಹೆಸರನ್ನು ದಾಖಲಿಸಿದ್ದರೆ ಅದು ಬಲವಾದ ಆಧಾರ, ಏಕೆಂದರೆ ಆ ದಾಖಲೆಯೇ ಮಾನ್ಯತೆಯ ಪುರಾವೆಯಾಗುತ್ತದೆ.

ಮಾನ್ಯತೆ ಸಿಕ್ಕಿದ್ದರೆ ಅಲ್ಲಿಂದ ಮುಂದೆ ನೀವು ಸಂಸ್ಥಾನಿಕರಲ್ಲ, ಸಾಮಾನ್ಯ ನಾಗರಿಕರು, ಮತ್ತು ನಿಮ್ಮ ಬಲ ಇರುವುದು ಅದರಲ್ಲಿಯೇ. ಸಂವಿಧಾನದ 300ಎ ವಿಧಿಯ ಪ್ರಕಾರ ಕಾನೂನಿನ ಆಧಾರವಿಲ್ಲದೆ ಯಾರ ಆಸ್ತಿಯನ್ನೂ ಕಸಿಯುವಂತಿಲ್ಲ. ಆಸ್ತಿಯ ಹಕ್ಕು 1978ರ 44ನೆಯ ತಿದ್ದುಪಡಿಯ ನಂತರ ಮೂಲಭೂತ ಹಕ್ಕಾಗಿ ಉಳಿದಿಲ್ಲ ಎಂಬ ಮಾತು ನಿಜ, ಆದರೆ ಸಂವಿಧಾನ ಕೊಟ್ಟ ಹಕ್ಕಾಗಿ ಉಳಿದಿದೆ. ಬೆಂಗಳೂರಿನ ತಾತಗುಣಿಯಲ್ಲಿರುವ ರೋರಿಕ್ ಮತ್ತು ದೇವಿಕಾರಾಣಿ ಅವರ ತೋಟದ ಪ್ರಕರಣದಲ್ಲಿ 2011ರಲ್ಲಿ ಸಂವಿಧಾನ ಪೀಠ, ಪರಿಹಾರ ಎಂಬ ಪದ ಆ ವಿಧಿಯಲ್ಲಿ ಇಲ್ಲದಿದ್ದರೂ ಪರಿಹಾರದ ಹಕ್ಕು ಅದರೊಳಗೆ ಅಡಗಿದೆಯೆಂದೂ, ಕೊಡುವ ಮೊತ್ತ ಕೇವಲ ಹೆಸರಿಗೆ ಮಾತ್ರ ಇರುವಂತಿರಬಾರದೆಂದೂ ಹೇಳಿತು. 2020ರ ಜನವರಿಯಲ್ಲಿ ಹಿಮಾಚಲ ಪ್ರದೇಶದ ಒಬ್ಬ ಓದುಬರಹವಿಲ್ಲದ ವೃದ್ಧೆಯ ಪ್ರಕರಣದಲ್ಲಿ, ಭೂಸ್ವಾಧೀನದ ಕ್ರಮವನ್ನೇ ನಡೆಸದೆ ಸರ್ಕಾರ 1967ರಲ್ಲಿ ರಸ್ತೆಗೆ ಬಳಸಿಕೊಂಡ ಜಮೀನಿಗೆ, ಇಷ್ಟು ವರ್ಷ ತಡವಾಯಿತೆಂಬ ಸರ್ಕಾರದ ವಾದವನ್ನು ತಿರಸ್ಕರಿಸಿ ಪರಿಹಾರ ಕೊಡಿಸಲಾಯಿತು. ರಾಜ್ಯವನ್ನು ಆಳಿದವರಿಗೆ 363ನೆಯ ವಿಧಿ ಮುಚ್ಚಿದ ಬಾಗಿಲು ಆ ವೃದ್ಧೆಗೆ ತೆರೆಯಿತು. ನಿಮ್ಮ ವಾಡೆಯ ಅರ್ಜಿ ಆ ಬಾಗಿಲಿಗೇ ಹೋಗಬೇಕು. ಅದರಲ್ಲಿ ವಂಶದ ಹಿರಿಮೆ, ಸಂಸ್ಥಾನದ ಚರಿತ್ರೆ, ಕರಾರಿನ ಮಾತು ಯಾವುದೂ ಅನಗತ್ಯವಾಗಿ ಸುಳಿಯಬಾರದು.

ಇನಾಂ ಭೂಮಿಯ ವಿಷಯದಲ್ಲಿ ನಾನು ನಿಮಗೆ ಹೆಚ್ಚಿನ ಆಸೆ ಹುಟ್ಟಿಸಲಾರೆ. ಮುಂಬೈ ಸರ್ಕಾರ ಐವತ್ತರ ದಶಕದಲ್ಲಿ ಒಂದರ ಹಿಂದೆ ಒಂದರಂತೆ ವತನ, ಇನಾಂ, ಜಹಗೀರುಗಳನ್ನು ರದ್ದು ಮಾಡುವ ಕಾಯ್ದೆಗಳನ್ನು ತಂದಿತು. ಅವುಗಳಲ್ಲಿ ನಿಮಗೆ ಸಂಬಂಧಿಸಿದವು 1952ರ ವೈಯಕ್ತಿಕ ಇನಾಂ ರದ್ದತಿ ಕಾಯ್ದೆ ಮತ್ತು ವಿಲೀನ ಪ್ರದೇಶಗಳಿಗಾಗಿ ಮಾಡಿದ 1953ರ ಜಹಗೀರು ರದ್ದತಿ ಕಾಯ್ದೆ. ಸ್ವಂತ ಸಾಗುವಳಿಯ ಭೂಮಿ ಪೂರ್ಣ ಆಕಾರ, ಅಂದರೆ ಭೂಕಂದಾಯ, ಕಟ್ಟುವ ಷರತ್ತಿನ ಮೇಲೆ ಮನೆತನಕ್ಕೇ ಉಳಿಯಿತು. ಉಳಿದುದಕ್ಕೆ ನಿಗದಿಯಾದ ಪರಿಹಾರವನ್ನು ಅವಧಿಯೊಳಗೆ ಕಲೆಕ್ಟರರ ಬಳಿ ಕೇಳಿ ಪಡೆಯಬೇಕಿತ್ತು. ಕೇಳಿ ಪಡೆದಿದ್ದರೆ ಅಲ್ಲಿಗೆ ವ್ಯವಹಾರ ಮುಗಿಯಿತು; ಕೇಳದೆ ಬಿಟ್ಟಿದ್ದರೆ ಇಂದು ಅದನ್ನು ಕೆದಕಿ ಫಲವಿಲ್ಲ. ಈ ಕಾಯ್ದೆಗಳಿಗೆ 1951ರ ಮೊದಲನೆಯ ತಿದ್ದುಪಡಿ ತಂದ 31ಎ ವಿಧಿಯ ರಕ್ಷಣೆ ಇರುವುದರಿಂದ ಮೊತ್ತ ಅಲ್ಪವಾಯಿತೆಂಬ ವಾದವೂ ನಿಲ್ಲುವುದಿಲ್ಲ.

ನಿಮ್ಮ ಎರಡು ಹಳ್ಳಿಗಳ ಕಥೆ ಬೇರೆ ಬೇರೆಯಾದದ್ದು 1956ರ ನವೆಂಬರ್ 1ರಂದು ಎಳೆದ ಗಡಿಯಿಂದ. ಮಹಾರಾಷ್ಟ್ರದ ಕಡೆ ಉಳಿದ ಹಳ್ಳಿಯಲ್ಲಿ 1957ರ ಏಪ್ರಿಲ್ 1ರ ಕೃಷಕ ದಿನದಂದು ಗೇಣಿದಾರರು ತಮ್ಮ ಸಾಗುವಳಿಯ ಭೂಮಿಯನ್ನು ಕೊಂಡವರೆಂದು ಕಾನೂನೇ ಘೋಷಿಸಿತು. ಬೆಲೆ ಆಕಾರದ 20 ಪಟ್ಟಿನಿಂದ 200 ಪಟ್ಟಿನ ನಡುವೆ ನಿಗದಿಯಾಗಬೇಕಿತ್ತು. ಮೈಸೂರು ರಾಜ್ಯಕ್ಕೆ ಸೇರಿದ ಹಳ್ಳಿಯಲ್ಲಿ ಆ ದಿನ ಬರಲೇ ಇಲ್ಲ, ಅಲ್ಲಿ ಗೇಣಿ ಭೂಮಿ ಸರ್ಕಾರಕ್ಕೆ ಸೇರಿದ್ದು 1974ರ ಮಾರ್ಚ್ 1ರಂದು, ಕರ್ನಾಟಕ ಭೂಸುಧಾರಣೆಯ ತಿದ್ದುಪಡಿಯಿಂದ. ಆದ್ದರಿಂದ ಕರ್ನಾಟಕದ ಹಳ್ಳಿಗೆ ತಾಲ್ಲೂಕು ಕಚೇರಿಯಲ್ಲಿ ಗೇಣಿದಾರರು ಒಡೆತನ ಕೋರಿ ಸಲ್ಲಿಸಿದ ನಮೂನೆ 7ರ ಕಡತವನ್ನೂ ಭೂನ್ಯಾಯಮಂಡಳಿಯ ಆದೇಶವನ್ನೂ, ಮಹಾರಾಷ್ಟ್ರದ ಹಳ್ಳಿಗೆ ಸಾತಬಾರಾ ಉತಾರದ (ಪಹಣಿಯ) ಹಳೆಯ ಫೇರಫಾರಗಳನ್ನೂ (ಹಕ್ಕು ಬದಲಾವಣೆಯ ನಮೂದುಗಳನ್ನೂ) ತೆಗೆಸಿ ನೋಡಿ. ನಿಗದಿಯಾದ ಬೆಲೆಯ ಕಂತುಗಳು ನಿಮ್ಮ ಅಜ್ಜನ ಹೆಸರಿನಲ್ಲಿ ಪಾವತಿಯಾಗದೆ ಉಳಿದಿರುವ ಸಂಭವವುಂಟು; ಅದಕ್ಕಿಂತ ಹೆಚ್ಚಿನದನ್ನು ನಿರೀಕ್ಷಿಸಬೇಡಿ. ಆ ಭೂಮಿಯನ್ನು ಪಡೆದವರು ತಲೆತಲಾಂತರದಿಂದ ಅದನ್ನು ಉತ್ತು ನಿಮ್ಮ ಮನೆತನಕ್ಕೆ ಗೇಣಿ ಅಳೆದವರು. ಅವರ ಹಕ್ಕನ್ನು ಪ್ರಶ್ನಿಸುವ ಪ್ರಕರಣಗಳನ್ನು ನಾನು ವಹಿಸಿಕೊಳ್ಳುವುದಿಲ್ಲ, ನೀವೂ ಆ ದಾರಿ ಹಿಡಿಯಬಾರದೆಂದು ಮನಃಪೂರ್ವಕವಾಗಿ ಕೇಳಿಕೊಳ್ಳುತ್ತೇನೆ.

ರಾಜಧನದ ಬಗ್ಗೆ ನೀವು ಕೇಳಿಲ್ಲವಾದರೂ ಅನೇಕರು ಅದನ್ನು ಆಸ್ತಿಯ ಪರಿಹಾರವೆಂದು ತಿಳಿದಿರುವುದರಿಂದ ಒಂದೆರಡು ಮಾತು ಹೇಳುತ್ತೇನೆ. ಅದು ಆಳ್ವಿಕೆಯನ್ನು ಬಿಟ್ಟುಕೊಟ್ಟದ್ದಕ್ಕೆ ಸಂದ ವಾರ್ಷಿಕ ಹಣ. ಮೈಸೂರಿಗೆ 26 ಲಕ್ಷವಾದರೆ ಸೌರಾಷ್ಟ್ರದ ಕಟೋಡಿಯಾ ಎಂಬ ಪುಟ್ಟ ಜಹಗೀರಿಗೆ ವರ್ಷಕ್ಕೆ 192 ರೂಪಾಯಿ. ಅರಸರ ಮಾನ್ಯತೆಯನ್ನು ರದ್ದು ಮಾಡಿದ ರಾಷ್ಟ್ರಪತಿಗಳ ಆದೇಶವನ್ನು 1970ರ ಡಿಸೆಂಬರ್ 15ರಂದು ಸರ್ವೋಚ್ಚ ನ್ಯಾಯಾಲಯ ಅಸಿಂಧುಗೊಳಿಸಿತು. ನಮ್ಮ ಮುಂಬೈಯ ನಾನಿ ಪಾಲ್ಖೀವಾಲಾ ಅರಸರ ಪರವಾಗಿ ವಾದಿಸಿದ್ದರು. ಮರುವರ್ಷವೇ 26ನೆಯ ತಿದ್ದುಪಡಿ ರಾಜಧನವನ್ನು ಪೂರ್ತಿಯಾಗಿ ತೆಗೆದುಹಾಕಿತು. ಆ ತಿದ್ದುಪಡಿಯ ವಿರುದ್ಧ ಕುರುಂದವಾಡದ ಕಿರಿಯ ಸಂಸ್ಥಾನದ ಮಾಜಿ ಅರಸರು ಹೂಡಿದ ಅರ್ಜಿ 1993ರಲ್ಲಿ ವಜಾ ಆಯಿತು. ಅಲ್ಲಿಗೆ ಆ ಅಧ್ಯಾಯ ಮುಗಿದಿದೆ.

ಬೆಂಗಳೂರು ಅರಮನೆಯ ಸುದ್ದಿಯನ್ನು ಓದುವಾಗ ಎರಡು ಸಂಗತಿಗಳನ್ನು ಗಮನಿಸಬೇಕು. ಆ ಅರಮನೆಯ ಜಾಗವನ್ನು 1873ರಲ್ಲಿ ಎಳೆಯ ಚಾಮರಾಜ ಒಡೆಯರ ಸ್ವಂತ ಹಣದಿಂದ ಕೊಳ್ಳಲಾಗಿತ್ತು. ಅಂದರೆ ಅದು ಮೊದಲಿನಿಂದಲೂ ಖಾಸಗಿ ಆಸ್ತಿಯ ಲಕ್ಷಣವುಳ್ಳದ್ದು. 1996ರಲ್ಲಿ ಕರ್ನಾಟಕ ಒಂದು ವಿಶೇಷ ಕಾಯ್ದೆಯ ಮೂಲಕ ಸುಮಾರು 472 ಎಕರೆಯನ್ನು 11 ಕೋಟಿ ರೂಪಾಯಿಗೆ ಸ್ವಾಧೀನಪಡಿಸಿಕೊಳ್ಳಲು ಹೊರಟಿತು; ಹೈಕೋರ್ಟ್ ಅದನ್ನು ಎತ್ತಿಹಿಡಿದ ಮೇಲೆ ಒಡೆಯರ ಮನೆತನ 1997ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು, ಆ ಮೇಲ್ಮನವಿ ದಶಕಗಳಿಂದ ಬಾಕಿ ಇದೆ. ನೀವು ಓದಿದ ಮೂರು ಸಾವಿರ ಕೋಟಿ ಈ 472 ಎಕರೆಯ ಬೆಲೆಯಲ್ಲ. ರಸ್ತೆ ಅಗಲಿಸಲು ಬೇಕಾದ ಸುಮಾರು 16 ಎಕರೆಗೆ ಟಿಡಿಆರ್ ಕೊಡಬೇಕೆಂದು 2024ರ ಡಿಸೆಂಬರಿನಲ್ಲಿ ನ್ಯಾಯಾಲಯ ನಿರ್ದೇಶಿಸಿದಾಗ ಲೆಕ್ಕಕ್ಕೆ ಬಂದ ಮೌಲ್ಯ ಅದು, ಮತ್ತು ಆ ಹೊರೆಯನ್ನು ತಪ್ಪಿಸಲು ರಾಜ್ಯ ಸರ್ಕಾರ 2025ರಲ್ಲಿ ಇನ್ನೊಂದು ಕಾನೂನನ್ನೇ ತಂದಿತು. ಟಿಡಿಆರ್ ಎಂದರೇನೆಂದು ಮುಂಬೈ, ಪುಣೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅದು ಕೈಗೆ ಬರುವ ನಗದಲ್ಲ, ಬೇರೆಡೆ ಕಟ್ಟಡ ಎತ್ತರಿಸುವ ಹಕ್ಕಿನ ಪತ್ರ. ಒಂದೇ ಜಾಗಕ್ಕೆ ಒಂದು ಕಾಯ್ದೆ ಎಕರೆಗೆ ಎರಡೂಕಾಲು ಲಕ್ಷದಷ್ಟು ಬೆಲೆ ಕಟ್ಟಿದರೆ ಇನ್ನೊಂದು ಲೆಕ್ಕ ಎಕರೆಗೆ ನೂರೆಂಬತ್ತು ಕೋಟಿಗೂ ಮಿಗಿಲಾಗಿ ಕಟ್ಟಿತು. ಇವುಗಳಲ್ಲಿ ಯಾವುದೂ ನ್ಯಾಯವಾದ ಬೆಲೆಯೆಂದು ನನಗೆ ತೋರುವುದಿಲ್ಲ. ಮೊದಲನೆಯದು ಮನೆತನಕ್ಕೆ ಮಾಡಿದ ಅನ್ಯಾಯವಾದರೆ ಎರಡನೆಯದರ ಭಾರ ಕೊನೆಗೆ ಊರಿನ ಜನರ ಮೇಲೆ ಬೀಳುತ್ತದೆ.

ಗ್ರೀಸಿನ ಉದಾಹರಣೆಯೂ ನಿಮ್ಮ ಕೈ ಬಲಪಡಿಸುವುದಿಲ್ಲ. ಅಲ್ಲಿನ ಸರ್ಕಾರ 1994ರ ಕಾನೂನಿನಿಂದ ಮಾಜಿ ದೊರೆ ಕಾನ್‌ಸ್ಟಂಟೈನರ ತಾತೋಯಿ ಮೊದಲಾದ ಎಸ್ಟೇಟುಗಳನ್ನು ಪರಿಹಾರವಿಲ್ಲದೆ ತೆಗೆದುಕೊಂಡಿತ್ತು. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2000ದಲ್ಲಿ ಅದು ಖಾಸಗಿ ಆಸ್ತಿಯ ಹಕ್ಕಿನ ಉಲ್ಲಂಘನೆಯೆಂದು ತೀರ್ಮಾನಿಸಿ, 2002ರಲ್ಲಿ ದೊರೆಗೆ 1.2 ಕೋಟಿ ಯೂರೋ, ಅವರ ತಂಗಿಗೆ 9 ಲಕ್ಷ, ಸೋದರತ್ತೆಗೆ 3 ಲಕ್ಷ ಯೂರೋ ಕೊಡಿಸಿತು. ಕೇಳಿದ ಮೊತ್ತದ ಎದುರಿಗೆ ಇದು ಬಹಳ ಸಣ್ಣದು, ಆಸ್ತಿಯಂತೂ ಹಿಂದಿರುಗಲಿಲ್ಲ. ಆ ನ್ಯಾಯಾಲಯದ ಆಧಾರವಾದ ಒಡಂಬಡಿಕೆಗೆ ಭಾರತ ಸೇರಿಲ್ಲ. ಆದರೂ ಒಂದು ವಿಷಯ ನಮ್ಮಲ್ಲಿಗೂ ಹೊಂದುತ್ತದೆ: ಅಲ್ಲಿಯೂ ವಾದ ಗೆದ್ದದ್ದು ಸಿಂಹಾಸನದ ಹೆಸರಿನಲ್ಲಲ್ಲ, ಆ ಎಸ್ಟೇಟುಗಳು ರಾಜಪದವಿಗೆ ಅಂಟಿದವಲ್ಲ, ಖಾಸಗಿಯಾಗಿ ಹೊಂದಿದವು ಎಂದು ತೋರಿಸಿದ್ದರಿಂದ.

ಗೋವಾದ ಕನ್ನಡಿಗರಿಗಾಗಿ ಇಲ್ಲಿ ಒಂದು ಮಾತನ್ನು ಸೇರಿಸುತ್ತೇನೆ. ಶಿರಸಿ ಬಳಿಯ ಸೋದೆಯ ಅರಸರು ಹೈದರಾಲಿಯ ದಾಳಿಯ ನಂತರ, 1760ರ ದಶಕದಲ್ಲಿ, ಗೋವಾಕ್ಕೆ ಬಂದು ಪೋರ್ಚುಗೀಸರ ಆಶ್ರಯದಲ್ಲಿ ನೆಲೆಸಿದರು. ಅವರ ಘಟ್ಟದ ಕೆಳಗಿನ ಪ್ರದೇಶ 1791ರ ಒಪ್ಪಂದದಿಂದ ಪೋರ್ಚುಗೀಸರಿಗೆ ಸೇರಿತು. ಬ್ರಿಟಿಷ್ ಭಾರತದ ಸಂಸ್ಥಾನಗಳ ಪಟ್ಟಿಯಲ್ಲಿಯೇ ಇಲ್ಲದ ಇಂಥ ಮನೆತನಗಳಿಗೆ ವಿಲೀನ ಕರಾರಿನ ಆಧಾರವೂ ಇರಲಿಲ್ಲ. 1961ರ ಡಿಸೆಂಬರಿನಲ್ಲಿ ಗೋವಾ ಭಾರತಕ್ಕೆ ಸೇರಿದ ಮೇಲೆ ಪೋರ್ಚುಗೀಸರು ಕೊಟ್ಟಿದ್ದ ಆಮದು ಪರವಾನಗಿಗಳ ಒಂದು ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ, ಸಂತ ಸಂಸ್ಥಾನಕ್ಕೆ ಹೇಳಿದ್ದನ್ನೇ ಗೋವಾಕ್ಕೂ ಹೇಳಿತು.

ಇನ್ನು ಪುಣೆಯ ಜಾಗ. ನಿಮ್ಮ ಮೂರು ಆಸ್ತಿಗಳಲ್ಲಿ ಹೆಚ್ಚಿನ ಭರವಸೆ ಇರುವುದು ಇದರಲ್ಲಿಯೇ, ಏಕೆಂದರೆ ಇದು ಕ್ರಯಪತ್ರದಿಂದ ಬಂದದ್ದು, ಸಂಸ್ಥಾನದ ನೆರಳು ಇದರ ಮೇಲೆ ಇಲ್ಲ. 1976ರ ನಗರ ಭೂಮಿತಿ ಕಾಯ್ದೆಯಲ್ಲಿ ಪುಣೆಗೆ 1,000 ಚದರ ಮೀಟರ್ ಮಿತಿ ಇತ್ತು. ಹೆಚ್ಚುವರಿ ಭೂಮಿಗೆ ಚದರ ಮೀಟರಿಗೆ ಗರಿಷ್ಠ 10 ರೂಪಾಯಿ, ಒಟ್ಟಿನಲ್ಲಿ 2 ಲಕ್ಷ ರೂಪಾಯಿ ಮೀರದಂತೆ ಪರಿಹಾರ. ಕೇಂದ್ರ 1999ರಲ್ಲಿ ಈ ಕಾಯ್ದೆಯನ್ನು ರದ್ದು ಮಾಡಿತು, ಮಹಾರಾಷ್ಟ್ರ ಆ ರದ್ದತಿಯನ್ನು 2007ರ ನವೆಂಬರ್ 29ರಂದು ಒಪ್ಪಿಕೊಂಡಿತು. ರದ್ದತಿಯ ದಿನದ ಹೊತ್ತಿಗೆ ಸರ್ಕಾರ ಭೂಮಿಯ ಕಬ್ಜೆಯನ್ನು ವಾಸ್ತವವಾಗಿ ಪಡೆದಿರದಿದ್ದರೆ ಭೂಮಿ ಮಾಲೀಕನಿಗೇ ಉಳಿಯುತ್ತದೆ. ಕೇವಲ ಘೋಷಣೆ ಸಾಲದು, ಕಾಗದದ ಮೇಲಿನ ಕಬ್ಜೆಯೂ ಸಾಲದು ಎಂದು ಸರ್ವೋಚ್ಚ ನ್ಯಾಯಾಲಯ 2013ರಲ್ಲಿ ಸ್ಪಷ್ಟಪಡಿಸಿದೆ. ನಿಮ್ಮ ಪತ್ರದಲ್ಲಿ ‘ಹೆಚ್ಚುವರಿ ಎಂದು ಘೋಷಿಸಲಾಯಿತು’ ಎಂದಷ್ಟೇ ಇದೆ, ಕಬ್ಜೆಯ ಮಾತು ಎಲ್ಲಿಯೂ ಇಲ್ಲ. ಆ ಜಾಗಕ್ಕೆ ಇಂದಿಗೂ ನಿಮ್ಮದೇ ಬೇಲಿ ಇದ್ದು, ತೆರಿಗೆಯನ್ನು ನೀವೇ ಕಟ್ಟುತ್ತಿದ್ದರೆ ನೀವು ಕೇಳಬೇಕಾದದ್ದು ಪರಿಹಾರವನ್ನಲ್ಲ, ಜಾಗವನ್ನೇ. ಕಬ್ಜೆ ಹೋಗಿದ್ದರೆ ಮಾತ್ರ ಹಳೆಯ ಮೊತ್ತದ ಲೆಕ್ಕ ಬರುತ್ತದೆ, ಮತ್ತು ಕಬ್ಜೆ ಪಡೆದ ಕ್ರಮದಲ್ಲಿ ದೋಷವಿತ್ತೆಂದು ಇಷ್ಟು ತಡವಾಗಿ ಎತ್ತಿದರೆ ಅದನ್ನು ಒಪ್ಪಿಸುವುದು ಕಷ್ಟ.

ಯಾವ ಅರ್ಜಿಗೂ ಮೊದಲು ಮನೆತನದ ಎಲ್ಲ ವಾರಸುದಾರರನ್ನು ಒಂದೆಡೆ ಕೂಡಿಸಿ. ಗಾದಿಗೆ ಬಂದವನೇ ಎಲ್ಲಕ್ಕೂ ಒಡೆಯ ಎಂಬ ಹಳೆಯ ರೂಢಿ ಖಾಸಗಿ ಆಸ್ತಿಗೆ ಅನ್ವಯಿಸುವುದಿಲ್ಲವೆಂದು ರಾಂಪುರದ ನವಾಬರ ಪ್ರಕರಣದಲ್ಲಿ 2019ರಲ್ಲಿ ತೀರ್ಮಾನವಾಗಿದೆ; ಆ ಮನೆತನದ ಹೆಣ್ಣುಮಕ್ಕಳಿಗೂ ಪಾಲು ದೊರೆಯಿತು. ನಿಮ್ಮ ಅಜ್ಜನ ಆಸ್ತಿಯಲ್ಲಿ ನಿಮ್ಮ ಸೋದರತ್ತೆಯರಿಗೂ ಅವರ ಮಕ್ಕಳಿಗೂ ಪಾಲಿದೆ. ಅವರನ್ನು ಬಿಟ್ಟು ಹೂಡಿದ ದಾವೆ ಆ ಕಾರಣಕ್ಕಾಗಿಯೇ ಮುರಿದುಬೀಳಬಹುದು.

ಹುಡುಕಾಟವನ್ನು ಪುಣೆಯಲ್ಲಿಯೇ ಆರಂಭಿಸಿ. ಕೌನ್ಸಿಲ್ ಹಾಲ್ ಬಳಿಯ ಪೇಶವೆ ದಫ್ತರ ಎಂಬ ದಾಖಲೆ ಭಂಡಾರದಲ್ಲಿ, ಇನಾಂ ಹಕ್ಕುಗಳನ್ನು ಪರಿಶೀಲಿಸಿದ ಬ್ರಿಟಿಷರ ಇನಾಂ ಕಮಿಷನ್ನಿನ ಕಾಲದಿಂದ ಬಂದ ಇನಾಂ ಕಾಗದಗಳಿವೆ. ಮೋಡಿ ಓದಬಲ್ಲವರೂ ಆ ಊರಿನಲ್ಲಿ ಇನ್ನೂ ಸಿಗುತ್ತಾರೆ. ವಿಲೀನ ಕಾಲದ ಖಾಸಗಿ ಆಸ್ತಿಯ ಯಾದಿಗಾಗಿ ಮುಂಬೈಯ ರಾಜ್ಯ ಪುರಾಭಿಲೇಖ ಕಚೇರಿಯಲ್ಲಿಯೂ, ವಾಡೆ ಇರುವ ಜಿಲ್ಲೆಯ ಕಲೆಕ್ಟರ್ ಕಚೇರಿಯಲ್ಲಿಯೂ ಮಾಹಿತಿ ಹಕ್ಕಿನಡಿ ಅರ್ಜಿ ಕೊಡಿ. ಪುಣೆಯ ಜಾಗಕ್ಕೆ ಸಂಬಂಧಿಸಿ ಮರಾಠಿಯಲ್ಲಿ ತಾಬಾ ಪಾವತಿ ಎನ್ನುವ ಕಬ್ಜೆಯ ಕಾಗದವನ್ನೂ ಅದರ ಪಂಚನಾಮೆಯನ್ನೂ ಕೇಳಿ, ಅವುಗಳ ಮೇಲಿನ ದಿನಾಂಕ ಮತ್ತು ಸಹಿಗಳು ಕಾಣುವಂತೆ ಪ್ರತಿಯನ್ನು ನನಗೆ ಕಳುಹಿಸಿ. ಆ ದಿನಾಂಕ 2007ರ ನವೆಂಬರ್ 29ಕ್ಕಿಂತ ಮೊದಲಿನದೋ ನಂತರದ್ದೋ, ಸಹಿ ನಿಮ್ಮ ಮನೆಯವರದ್ದೋ ಅಲ್ಲವೋ ಎಂಬುದು ತಿಳಿದ ಮೇಲೆ ಮುಂದಿನ ಉತ್ತರವನ್ನು ಬರೆಯುತ್ತೇನೆ.